ಕಾಂಬಿ ಬಾಯ್ಲರಿಗೆ ಸ್ಮಾರ್ಟ್ ರೇಡಿಯೇಟರ್ ವಾಲ್ವ್: ಹೆಡ್ ಮಾತ್ರ ಬದಲಾಯಿಸಿದರೆ ಸಾಕಾ?

ಲೀಡ್ಸ್ ಗುಬ್ಬಚ್ಚಿ:
ನಮಸ್ಕಾರ. ಇಂಗ್ಲೆಂಡಿನಲ್ಲಿ ಮೂರು ಬೆಡ್‌ರೂಮಿನ ಮನೆ, ಗ್ಯಾಸ್ ಕಾಂಬಿ ಬಾಯ್ಲರ್ (ರೇಡಿಯೇಟರಿಗೂ ನಲ್ಲಿಯ ಬಿಸಿನೀರಿಗೂ ಒಂದೇ, ಸಿಲಿಂಡರ್ ಇಲ್ಲ), ಒಂಬತ್ತು ರೇಡಿಯೇಟರ್. ಏಳಕ್ಕೆ 1ರಿಂದ 5ರವರೆಗೆ ಅಂಕಿಯಿರುವ ಮಾಮೂಲಿ ಟಿಆರ್‌ವಿ (ಕೋಣೆಯ ಶಾಖ ನೋಡಿ ತಾನೇ ತೆರೆದು ಮುಚ್ಚುವ ರೇಡಿಯೇಟರ್ ವಾಲ್ವ್) ಇವೆ. ಮೆಟ್ಟಿಲ ಬುಡದ ಪ್ಯಾಸೇಜಿನಲ್ಲಿ ಗೋಡೆಗೆ ಥರ್ಮೋಸ್ಟಾಟ್; ಅಲ್ಲಿನ ರೇಡಿಯೇಟರಿಗೂ ಬಾತ್‌ರೂಮಿನ ಟವೆಲ್ ರೈಲಿಗೂ ಟಿಆರ್‌ವಿ ಇಲ್ಲ, ಕೈಯಲ್ಲಿ ತಿರುಗಿಸುವ ವಾಲ್ವ್ ಅಷ್ಟೆ. ಪ್ಯಾಸೇಜ್ 20 ಡಿಗ್ರಿ ಆದ ಕೂಡಲೇ ಬಾಯ್ಲರ್ ನಿಲ್ಲುತ್ತದೆ. ಆಫೀಸ್ ಮಾಡಿಕೊಂಡಿರುವ ಹಿಂದಿನ ಕೋಣೆ ಮಾತ್ರ 17 ದಾಟುವುದಿಲ್ಲ. ಒಂಬತ್ತಕ್ಕೂ ಸ್ಮಾರ್ಟ್ ಹೆಡ್ (ವಾಲ್ವ್ ಮೇಲೆ ಕೂರುವ, ಆ್ಯಪಿನಿಂದ ನಡೆಯುವ ಮೋಟರ್ ತಲೆ) ಹಾಕಿಸೋಣ ಅಂತ ಯೋಚನೆ. ನೀರು ಖಾಲಿ ಮಾಡಬೇಕಾ? ಯಾವ ಹೆಡ್ ಕೂರುತ್ತೆ ಅಂತ ಹೇಗೆ ತಿಳಿಯೋದು? ಕೋಣೆಗೆ ಶಾಖ ಬೇಕಾದಾಗ ಬಾಯ್ಲರ್ ತಾನೇ ಹೊತ್ತಿಕೊಳ್ಳುತ್ತಾ?

ಕೊಳಾಯಿ ಮೇಷ್ಟ್ರು:
ಟಿಆರ್‌ವಿ ಇರುವ ಏಳಕ್ಕೆ ಒಂದು ಹನಿ ನೀರೂ ಇಳಿಸಬೇಕಿಲ್ಲ. ನೀರನ್ನು ತಡೆಯುವುದು ಕೆಳಗಿನ ಹಿತ್ತಾಳೆ ವಾಲ್ವ್. ಮೇಲಿನ ಹೆಡ್ ಅದರ ಪಿನ್ ಒತ್ತುತ್ತದೆ, ಅಷ್ಟೇ. ಪಿನ್ ಒಳಗೆ ಹೋದರೆ ಮುಚ್ಚಿತು, ಹೊರಗೆ ಬಂದರೆ ತೆರೆಯಿತು. ಹಾಗಾಗಿ ಹೆಡ್ ತೆಗೆದಿಟ್ಟ ರೇಡಿಯೇಟರ್ ಪೂರ್ತಿ ಕಾಯುತ್ತದೆ, ಗಾಬರಿಯಾಗಬೇಡಿ.

ಹಳೆಯ ಹೆಡ್ಡನ್ನು ಮೊದಲು 5ಕ್ಕೆ ತಿರುಗಿಸಿ, ಪಿನ್ ಮೇಲಿನ ಒತ್ತಡ ಹೋಗಲಿ. ಆಮೇಲೆ ಹೆಡ್ಡಿನ ಬುಡದ ಉರುಟು ಕಾಲರನ್ನು ಅಪ್ರದಕ್ಷಿಣವಾಗಿ ಬಿಚ್ಚಿ. ಕೈಗೆ ಬಗ್ಗದಿದ್ದರೆ ಬಟ್ಟೆ ಸುತ್ತಿ ಇಕ್ಕಳದಿಂದ. ರೇಡಿಯೇಟರಿಗೋ ಪೈಪಿಗೋ ಸೇರುವ ದೊಡ್ಡ ನಟ್ಟುಗಳನ್ನು ಮಾತ್ರ ಮುಟ್ಟಬೇಡಿ, ಕಪ್ಪು ನೀರು ಕಾರ್ಪೆಟ್ ಮೇಲೆ ಬರುತ್ತದೆ.

ಹೆಡ್ ಬಿಚ್ಚಿದ ಮೇಲೆ ಹಿತ್ತಾಳೆಯ ಮೇಲೆ ಮರೆ (ಸ್ಕ್ರೂವಿನಂಥ ಸುತ್ತು, ಥ್ರೆಡ್) ಕಂಡರೆ, ಅದರ ಹೊರ ಅಳತೆ 30 ಮಿಮೀ ಇದ್ದರೆ, ಅದು ಎಂ30 × 1.5. ಹೆಚ್ಚಿನ ಸ್ಮಾರ್ಟ್ ಹೆಡ್‌ಗಳು ನೇರ ಕೂರುವುದು ಇದಕ್ಕೇ. 28 ಮಿಮೀ ಇದ್ದರೆ ಅಡಾಪ್ಟರ್ ಬೇಕು. ಮರೆಯೇ ಇಲ್ಲದೆ ನುಣುಪಾದ ಕತ್ತು, ನಾಲ್ಕು ಕಡೆ ಗೀರು ಇದ್ದರೆ ಡ್ಯಾನ್‌ಫಾಸ್ ಕಂಪನಿಯ ವಾಲ್ವ್ ಇರಬಹುದು. ಅದರಲ್ಲೂ ಮೂರು ಬಗೆ: ಆರ್‌ಎ ಸುಮಾರು 23 ಮಿಮೀ, ಆರ್‌ಎವಿಎಲ್ 26, ಆರ್‌ಎವಿ 34. ಮೂರಕ್ಕೂ ಬೇರೆ ಬೇರೆ ಅಡಾಪ್ಟರ್. ಆರ್‌ಎವಿಗೆ ಅಡಾಪ್ಟರ್ ಜೊತೆ ಪಿನ್ ಮೇಲೆ ಕೂರಿಸುವ ಚಿಕ್ಕ ಟೊಪ್ಪಿಯೂ ಬರುತ್ತದೆ. ಅದನ್ನು ಮರೆತು ಡಬ್ಬಿಯಲ್ಲೇ ಬಿಟ್ಟರೆ ಮೋಟರ್ ಪಿನ್‌ಗೆ ತಾಗುವುದೇ ಇಲ್ಲ.

ಹೊಸದು ಕೂರಿಸುವ ಕ್ರಮ: ಬ್ಯಾಟರಿ ಹಾಕಿ, ಮೋಟರ್ ಪೂರ್ತಿ ಹಿಂದಕ್ಕೆ ಸರಿಯಲು ಬಿಡಿ (ಆ್ಯಪ್ ಹೇಳುತ್ತದೆ), ಆಮೇಲೆ ಕಾಲರ್ ತಿರುಗಿಸಿ ಕೈಬಿಗಿ ಮಾಡಿ, ಕೊನೆಗೆ ಕ್ಯಾಲಿಬ್ರೇಷನ್ (ಪಿನ್ ಎಷ್ಟು ಓಡುತ್ತದೆಂದು ಹೆಡ್ ತಾನೇ ಅಳೆದುಕೊಳ್ಳುವುದು). ಮೋಟರ್ ಹಿಂದಕ್ಕೆ ಹೋಗುವ ಮೊದಲೇ ಬಲವಂತವಾಗಿ ತಿರುಗಿಸಿದರೆ ಪ್ಲಾಸ್ಟಿಕ್ ಮರೆ ಹರಿಯುತ್ತದೆ. ಹಳೆಯ ಹೆಡ್‌ಗಳನ್ನು ಎಸೆಯಬೇಡಿ. ಬಾಡಿಗೆ ಮನೆಯಾದರೆ ಬಿಡುವಾಗ ವಾಪಸ್ ಹಾಕಬೇಕಲ್ಲ.

ಉಳಿದೆರಡು ರೇಡಿಯೇಟರಿಗೆ ವಾಲ್ವೇ ಬದಲಾಗಬೇಕು: ನೀರು ಇಳಿಸಿ, ಹೊಸ ವಾಲ್ವ್ ಹಾಕಿ, ಇನ್‌ಹಿಬಿಟರ್ (ತುಕ್ಕು ತಡೆಯುವ ದ್ರವ) ಸುರಿದು, ತಣ್ಣಗಿರುವಾಗ 1ರಿಂದ 1.5 ಬಾರ್‌ವರೆಗೆ ತುಂಬಿ, ಗಾಳಿ ತೆಗೆಯಬೇಕು. ಅಷ್ಟು ರಗಳೆ ನಿಮಗೆ ಬೇಕಿಲ್ಲ. ಯಾಕೆ ಅಂತ ಕೆಳಗೆ ಯಾರಾದರೂ ಹೇಳ್ತಾರೆ ನೋಡಿ.

ತಂತಿ ಪಕ್ಷಿ:
ನಾನೇ ಹೇಳ್ತೀನಿ. ಟವೆಲ್ ರೈಲನ್ನು ತೆರೆದೇ ಬಿಡಿ. ಎಲ್ಲ ಹೆಡ್‌ಗಳೂ ಒಟ್ಟಿಗೆ ಮುಚ್ಚಿದರೆ ಪಂಪ್ ತಳ್ಳುವ ನೀರಿಗೆ ದಾರಿ ಇರುವುದಿಲ್ಲ. ಬೆಂಕಿ ಆರಿದ ಮೇಲೂ ಪಂಪ್ ಸ್ವಲ್ಪ ಹೊತ್ತು ಓಡಿ ಒಳಗಿನ ಶಾಖ ಹೊರಹಾಕಬೇಕು. ಹಲವು ಕಾಂಬಿಗಳಲ್ಲಿ ಬೈಪಾಸ್ (ನೀರು ಸುತ್ತಿ ಬರಲು ಬದಲಿ ದಾರಿ) ಒಳಗೇ ಇರುತ್ತದೆ, ಮ್ಯಾನ್ಯುಯಲ್ ನೋಡಿ. ಇದ್ದರೂ ಒಂದು ರೇಡಿಯೇಟರ್ ತೆರೆದಿರುವುದು ಒಳ್ಳೆಯದು.

ಇನ್ನು ಮೂರನೇ ಪ್ರಶ್ನೆ. ಬರೀ ಹೆಡ್ ಹಾಕಿದರೆ ಬಾಯ್ಲರಿಗೆ ಏನೂ ಗೊತ್ತಾಗುವುದಿಲ್ಲ. ಆಫೀಸ್ ಕೋಣೆಯ ಹೆಡ್ ಪೂರ್ತಿ ತೆರೆದು ಕಾಯುತ್ತಾ ಕೂತಿರುತ್ತದೆ, ಪ್ಯಾಸೇಜಿನ ಥರ್ಮೋಸ್ಟಾಟ್ 'ಸಾಕು' ಅಂದಿರುತ್ತದೆ. ಅದೇ ಕಂಪನಿಯ ರಿಸೀವರ್ (ಹೆಡ್‌ಗಳ ಕರೆ ಕೇಳಿ ಬಾಯ್ಲರ್ ಹೊತ್ತಿಸುವ ಪೆಟ್ಟಿಗೆ) ಬಾಯ್ಲರಿಗೆ ಸೇರಿಸಿ, ಹಳೆಯ ಥರ್ಮೋಸ್ಟಾಟನ್ನು ಸರ್ಕ್ಯೂಟಿನಿಂದ ತೆಗೆಯಬೇಕು. ಅದನ್ನು ಸೀರೀಸ್‌ನಲ್ಲಿ ಹಾಗೇ ಬಿಟ್ಟರೆ ಕೊನೆಯ ಮಾತು ಅದರದ್ದೇ.

ವೈರಿಂಗ್ ಮೊದಲು ಟರ್ಮಿನಲ್ ಬಗೆ ಗೊತ್ತಿರಬೇಕು. ಕೆಲವು ಬಾಯ್ಲರ್‌ಗಳದ್ದು 230 ವೋಲ್ಟ್ ಸ್ವಿಚ್ಡ್ ಲೈವ್, ಕೆಲವದ್ದು ವೋಲ್ಟ್ ಇಲ್ಲದ ಬರೀ ಸಂಪರ್ಕ, ಓಪನ್‌ಥರ್ಮ್ (ಬಾಯ್ಲರ್ ಮತ್ತು ಥರ್ಮೋಸ್ಟಾಟ್ ಮಾತಾಡಿಕೊಳ್ಳುವ ಒಂದು ಪದ್ಧತಿ) ಆದರೆ ಎರಡೇ ತೆಳು ತಂತಿ. ಬರೀ ಸಂಪರ್ಕ ಕೇಳುವ ಕಡೆಗೋ ಓಪನ್‌ಥರ್ಮ್ ಕಡೆಗೋ 230 ಕೊಟ್ಟರೆ ಬೋರ್ಡ್ ಸುಟ್ಟಿತು ಅಂತಲೇ. ಬಾಯ್ಲರ್ ಕವಚ ತೆಗೆಯಬೇಕಾದರೆ ಗ್ಯಾಸ್ ಸೇಫ್ (ಬ್ರಿಟನ್ನಿನ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿ ಇರುವವರನ್ನೇ ಕರೆಯಿರಿ.

ಉಣ್ಣೆ ಟೋಪಿ:
ಎಲ್ಲರೂ ಸಾಮಾನು ಖರೀದಿಗೆ ಹೊರಟಿದ್ದೀರಿ. ಮೊದಲು ಸ್ಪ್ಯಾನರ್ ಹಿಡಿಯಿರಿ ಸ್ವಾಮಿ! ಇವರ ಪ್ಯಾಸೇಜಿನ ರೇಡಿಯೇಟರ್ ಬೇಗ ಕಾದು ಥರ್ಮೋಸ್ಟಾಟಿಗೆ ಮೋಸ ಮಾಡುತ್ತಿದೆ, ರೋಗ ಅದೇ. ರೇಡಿಯೇಟರಿನ ಇನ್ನೊಂದು ತುದಿಯ ಮುಚ್ಚಳ ತೆಗೆದರೆ ಲಾಕ್‌ಶೀಲ್ಡ್ (ನೀರಿನ ಹರಿವಿಗೆ ಮಿತಿ ಹಾಕುವ ವಾಲ್ವ್) ಸಿಗುತ್ತದೆ. ಪ್ಯಾಸೇಜಿನದನ್ನು ಪೂರ್ತಿ ಮುಚ್ಚಿ, ಎಷ್ಟು ಸುತ್ತು ಹೋಯಿತು ಅಂತ ಬರೆದಿಟ್ಟು, ಮತ್ತೆ ಕಾಲು ಸುತ್ತು ಮಾತ್ರ ತೆರೆಯಿರಿ. ಆಫೀಸ್ ಕೋಣೆಯದನ್ನು ಪೂರ್ತಿ ತೆರೆಯಿರಿ. ಎರಡು ಸಂಜೆ ನೋಡಿ. ಅರ್ಧ ಸಮಸ್ಯೆ ಪುಕ್ಕಟೆ ಹೋಗಬಹುದು.

ಆಮೇಲೂ ಬೇಕಾದರೆ ಮೂರೋ ನಾಲ್ಕೋ ಹೆಡ್ ಹಾಕಿ, ಏಳೂ ಬೇಡ. ಕಾಂಬಿ ಬಾಯ್ಲರ್ ಉರಿಯನ್ನು ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಲಾರದು, ಹಳೆಯವುಗಳಲ್ಲಿ 6–7 ಕಿಲೋವ್ಯಾಟ್ ಇರುವುದೂ ಉಂಟು. ಸಣ್ಣ ಕೋಣೆಯ ರೇಡಿಯೇಟರ್ ಎಳೆದುಕೊಳ್ಳುವುದು 1 ಕಿಲೋವ್ಯಾಟ್ ಆಸುಪಾಸು. ಅದೊಂದೇ ಕೋಣೆ ಕರೆದರೆ ಬಾಯ್ಲರ್ ಹೊತ್ತಿ, ಒಂದೆರಡು ನಿಮಿಷಕ್ಕೆ ನೀರು ಕಾದು, ಆರಿ, ಮತ್ತೆ ಹೊತ್ತಿ, ಹೀಗೇ ಒದ್ದಾಡುತ್ತದೆ. ಗ್ಯಾಸೂ ದಂಡ, ಬಾಯ್ಲರಿಗೂ ಸವೆತ. ಎರಡು ಮೂರು ಕೋಣೆಗೆ ಒಂದೇ ವೇಳಾಪಟ್ಟಿ ಕೊಡಿ.

ಜೊತೆಗೆ ಬಾಯ್ಲರಿನ ರೇಡಿಯೇಟರ್ ಚಿಹ್ನೆಯ ಗುಂಡಿಯನ್ನು 55–60ಕ್ಕೆ ಇಳಿಸಿ. ನಲ್ಲಿ ಚಿಹ್ನೆಯದು ಬೇರೆ, ಅದನ್ನು ಬಿಡಿ. ತಿರುಗಿ ಬರುವ ನೀರು 55ಕ್ಕಿಂತ ತಣ್ಣಗಿದ್ದರೇ ಕಂಡೆನ್ಸಿಂಗ್ ಬಾಯ್ಲರ್ ಹೊಗೆಯೊಳಗಿನ ಆವಿಯ ಶಾಖವನ್ನು ಹಿಡಿಯುವುದು. ಕೋಣೆ ಕಾಯುವುದು ನಿಧಾನವಾಗುತ್ತದೆ, ವೇಳಾಪಟ್ಟಿ ಅರ್ಧ ಗಂಟೆ ಮುಂಚೆ ಇಡಿ. ಬಿಸಿನೀರಿನ ಸಿಲಿಂಡರ್ ಇರುವವರು ಇದನ್ನು ಹಾಗೇ ಅನುಸರಿಸಬೇಡಿ, ಲೀಜಿಯೊನೆಲ್ಲಾ ಎಂಬ ರೋಗಾಣು ಬೆಳೆಯದಂತೆ ಸಿಲಿಂಡರ್ 60 ಮುಟ್ಟಲೇಬೇಕು.

ಲೀಡ್ಸ್ ಗುಬ್ಬಚ್ಚಿ:
ಲಾಕ್‌ಶೀಲ್ಡ್ ತಿರುಗಿಸಿದೆ, ಆಫೀಸ್ 18.5ಕ್ಕೆ ಬಂತು. ರಿಸೀವರ್ ಹಾಕಿಸಿ ನಾಲ್ಕು ಹೆಡ್ ಕೂರಿಸಿದ್ದೇನೆ. ಎರಡು ತೊಂದರೆ: ಒಂದು ಬೆಡ್‌ರೂಮಿನ ಹೆಡ್ ಗುಂಯ್ ಎಂದು ಸದ್ದು ಮಾಡಿ ಕ್ಯಾಲಿಬ್ರೇಷನ್ ಎರರ್ ಕೊಡುತ್ತಿದೆ. ಇನ್ನೊಂದು 21 ತೋರಿಸುತ್ತೆ, ಆದರೆ ಮೇಜಿನ ಮೇಲಿನ ಥರ್ಮಾಮೀಟರ್ 18.

ಕೊಳಾಯಿ ಮೇಷ್ಟ್ರು:
ಮೊದಲನೆಯದು ಪಿನ್ ಅಂಟಿಕೊಂಡಿದೆ. ಬೇಸಿಗೆಯೆಲ್ಲ ಮುಚ್ಚಿಟ್ಟ ವಾಲ್ವ್‌ಗಳಿಗೆ ಇದು ಮಾಮೂಲು. ಹೆಡ್ ಬಿಚ್ಚಿ, ಚಮಚದ ಹಿಂಬದಿಯಿಂದ ಪಿನ್ ಒತ್ತಿ ನೋಡಿ: ಮೂರು ಮಿಮೀ ಹತ್ತಿರ ಒಳಗಿಳಿದು, ಬಿಟ್ಟ ತಕ್ಷಣ ಸ್ಪ್ರಿಂಗ್‌ನಂತೆ ಎದ್ದು ಬರಬೇಕು. ಒಳಗೇ ಕೂತುಬಿಟ್ಟಿದ್ದರೆ ಬುಡಕ್ಕೆ ಒಂದು ಹನಿ ಸಿಲಿಕೋನ್ ಎಣ್ಣೆ ಬಿಟ್ಟು, ಇಕ್ಕಳದಿಂದ ಮೆಲ್ಲಗೆ ಹಿಡಿದು ಆಚೀಚೆ ತಿರುಗಿಸಿ, ಮತ್ತೆ ಒತ್ತಿ, ಹತ್ತಿಪ್ಪತ್ತು ಸಲ. ಮೇಲಕ್ಕೆ ಜಗ್ಗಬೇಡಿ! ಪಿನ್ ಕಿತ್ತು ಬಂದರೆ ಬಿಸಿ ನೀರು ಚಿಮ್ಮುತ್ತದೆ. ಬುಡದಲ್ಲಿ ಟವೆಲ್ಲು, ಬೋಗುಣಿ ಇಟ್ಟುಕೊಂಡೇ ಈ ಕೆಲಸ. ಪಿನ್ ಸರಿ ಇದ್ದೂ ಎರರ್ ಬಂದರೆ ಅಡಾಪ್ಟರ್ ತಪ್ಪು, ಇಲ್ಲವೇ ಕಾಲರ್ ಓರೆಯಾಗಿ ಕೂತಿದೆ.

ತಂತಿ ಪಕ್ಷಿ:
ಎರಡನೆಯದಕ್ಕೆ: ಹೆಡ್ಡಿನ ಸೆನ್ಸರ್ ಕಾದ ಪೈಪಿನ ಪಕ್ಕದಲ್ಲೇ ಕೂತಿದೆ, ಮೇಲೆ ಪರದೆಯೋ ಸೋಫಾವೋ ಅಡ್ಡ ಇದ್ದರೆ ಇನ್ನೂ ಹೆಚ್ಚು ತೋರಿಸುತ್ತದೆ. ಪರದೆಯನ್ನು ಕಿಟಕಿ ಹಲಗೆಯ ಮಟ್ಟಕ್ಕೆ ಮೋಟು ಮಾಡಿ, ಆ್ಯಪಿನಲ್ಲಿ ಆಫ್‌ಸೆಟ್ (ತೋರಿಸುವ ಡಿಗ್ರಿಯ ತಿದ್ದುಪಡಿ) ಮೈನಸ್ 2ರಿಂದ ಶುರು ಮಾಡಿ. ಆದರೆ ರೇಡಿಯೇಟರ್ ತಣ್ಣಗಿರುವಾಗ ಆ ವ್ಯತ್ಯಾಸ ಇರುವುದಿಲ್ಲ, ಆಫ್‌ಸೆಟ್ ಆಗ ಉಲ್ಟಾ ಹೊಡೆಯುತ್ತದೆ. ಎದುರು ಗೋಡೆಯಲ್ಲಿ, ಎದೆಮಟ್ಟಕ್ಕೆ, ಬೇರೆ ಸೆನ್ಸರ್ ಜೋಡಿಸುವ ಸೌಲಭ್ಯವಿದ್ದರೆ ಅದೇ ಸರಿಯಾದ ದಾರಿ.

ಬ್ಯಾಟರಿ: ಕಂಪನಿ ಆಲ್ಕಲೈನ್ ಎಂದಿದ್ದರೆ ಅದನ್ನೇ ಹಾಕಿ. ಚಾರ್ಜ್ ಮಾಡುವ ಸೆಲ್ 1.2 ವೋಲ್ಟ್, ಹೊಸದಿದ್ದಾಗಲೂ ಹೆಡ್ 'ಬ್ಯಾಟರಿ ಮುಗಿಯಿತು' ಅಂತ ಕೂಗಬಹುದು.

ಉಣ್ಣೆ ಟೋಪಿ:
ಖಾಲಿ ಕೋಣೆಯನ್ನು ಆ್ಯಪಿನಲ್ಲಿ 7 ಡಿಗ್ರಿಗೆ ಇಳಿಸುವ ಆಸೆಗೆ ಬೀಳಬೇಡಿ. ಅನ್ನ ಸಾರಿನ ಆವಿ, ಒಳಗೆ ಒಣಹಾಕಿದ ಬಟ್ಟೆಯ ತೇವ ಎಲ್ಲ ಹೋಗಿ ಆ ತಣ್ಣನೆಯ ಗೋಡೆಗೇ ಕೂರುತ್ತದೆ, ಬೀರುವಿನ ಹಿಂದೆ ಕಪ್ಪು ಬೂಷ್ಟು ಬರುತ್ತದೆ. 15–16 ಇಡಿ, ಬಾಗಿಲು ಮುಚ್ಚಿ.