ಸಹಾಯ ಬೇಕು: ಬೂದಿದಿಬ್ಬದ ಮಡಕೆ ಚೂರು ನೋಡಿ ಹೇಳೋರು ಯಾರಾದ್ರೂ ಇದೀರಾ?

ಎಲ್ಲರಿಗೂ ನಮಸ್ಕಾರ, ನಮ್ದು ಬಳ್ಳಾರಿ ಜಿಲ್ಲೆ, ಕುಡತಿನಿ ಕಡೆ. ಊರ ಹೊರಗೆ ಸಣ್ಣದೊಂದು ಬೂದಿದಿಬ್ಬ ಐತೆ, ಹೊಲಕ್ಕೆ ಹಾಕೋಕೆ ಅಂತ ಯಾರೋ ಟ್ರ್ಯಾಕ್ಟರ್ ತಂದು ಒಂದು ಮಗ್ಗುಲು ಅಗೆದುಬಿಟ್ಟಿದಾರೆ, ಈಗ ಅಲ್ಲಿ ಪದರ ಪದರ ಬೂದಿ, ಕರಗಿ ಗಟ್ಟಿಯಾದ ಗಡ್ಡೆ, ದನದ ಮೂಳೆ, ಮಡಕೆ ಚೂರು ಎಲ್ಲಾ ಎದ್ದು ಕಾಣ್ತಾವೆ. ಹಿರಿಯರು ರಾಕ್ಷಸರನ್ನ ಸುಟ್ಟ ಬೂದಿ ಅಂತಾರೆ. ಆದ್ರೆ ಇಂಥ ದಿಬ್ಬಗಳು ನವಶಿಲಾಯುಗದಲ್ಲಿ ದನ ಸಾಕಿದ ಜನ ಸಗಣಿ ಗುಡ್ಡೆ ಹಾಕಿ ಮತ್ತೆ ಮತ್ತೆ ಸುಟ್ಟಿದ್ದು, ಸಂಗನಕಲ್ಲು, ತೆಕ್ಕಲಕೋಟೆ, ರಾಯಚೂರು ಕಡೆ ಪಿಕ್ಲಿಹಾಳದಲ್ಲಿ ಬದುಕಿದ್ದೂ ಅದೇ ಥರದ ಜನ.

ಚೂರುಗಳು ಹೆಚ್ಚಿನವು ಬೂದು ಬಣ್ಣದ್ದು, ಹೊರಗೆ ಉಜ್ಜಿ ನುಣುಪು ಮಾಡಿದಂಗೆ ಅದಾವೆ, ಒಳಗೆ ತಿಗರಿ ತಿರುಗಿದ ಗೆರೆ ಇಲ್ಲ, ಒಂದರ ಬಾಯಂಚಿಗೆ ಕಾವಿ ಪಟ್ಟಿ, ಒದ್ದೆ ಬೆರಳು ತಾಗಿದ್ರೆ ಬಣ್ಣ ಬಿಡುತ್ತೆ, ಅಂದ್ರೆ ಸುಟ್ಟ ಮೇಲೆ ಬಳಿದಿದ್ದು ಅನ್ಸುತ್ತೆ, ಇವೆಲ್ಲಾ ನವಶಿಲಾಯುಗದ ಮಡಕೆ ಥರಾನೇ ಅದಾವೆ. ಆದ್ರೆ ಮೇಲಿನ ಮಣ್ಣಲ್ಲಿ ಒಳಗೆ ಕಪ್ಪು ಹೊರಗೆ ಕೆಂಪು ಇರೋವೂ ಸಿಕ್ತಾವೆ, ಅವು ಕಬ್ಬಿಣ ಯುಗದ ಕಲ್ಗೋರಿಗಳಲ್ಲಿ ಸಿಗೋ ಥರ. ಎರಡೂ ಕಾಲದ ಜನ ಇಲ್ಲೇ ಇದ್ರಾ ಅಥವಾ ಮಣ್ಣು ಕಲಸಿಹೋಗೈತಾ, ತಿಳಿದೋರು ಬಂದು ನೋಡಿದ್ರೆ ತುಂಬಾ ಉಪಕಾರ.

ಇನ್ನೊಂದು, ಅಗೆಯೋದು ನಿಲ್ಸೋಕೆ ಅರ್ಜಿ ಮೊದ್ಲು ತಹಶೀಲ್ದಾರರಿಗೆ ಕೊಡ್ಬೇಕಾ, ಪುರಾತತ್ವ ಇಲಾಖೆಗಾ? ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಂನಲ್ಲಿ ಪರಿಚಯ ಇರೋರು ದಯವಿಟ್ಟು ಮೆಸೇಜ್ ಮಾಡಿ. ನೋಡೋಕೆ ಬರೋರು ಚೂರು ಮಾತ್ರ ಎತ್ಕೊಂಡು ಹೋಗ್ಬೇಡಿ, ಯಾವ ಪದರದ್ದು ಅನ್ನೋದು ತಪ್ಪಿಹೋದ್ರೆ ಕಾಲ ಹೇಳೋದು ಕಷ್ಟ. ಈ ವಾರದೊಳಗೆ ಯಾರಾದ್ರೂ ಸಿಕ್ರೆ ಒಳ್ಳೇದು, ಟ್ರ್ಯಾಕ್ಟರ್ ಮತ್ತೆ ಬರೋ ಸುದ್ದಿ ಐತೆ.