ದಾರಂದದ ಗೆದ್ದಲು, ಅಡುಗೆಮನೆಯ ಇರುವೆ: ನೊರೆಯ ಕೀಟನಾಶಕ ಎರಡಕ್ಕೂ ಆಗುತ್ತದೆಯೇ?

ಪ್ರಶ್ನೆ – ಸಾಗರದ ಓದುಗ

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನಲ್ಲಿರುವ ನಮ್ಮದು ಜಂಬಿಟ್ಟಿಗೆ ಗೋಡೆಯ, ಹೆಂಚಿನ ಮಾಡಿನ ಹಳೆಯ ಮನೆ. ಬಚ್ಚಲಿಗೆ ಹೋಗುವ ಬಾಗಿಲಿನ ದಾರಂದದ ಬುಡದಲ್ಲಿ ಗೆದ್ದಲಿನ ಮಣ್ಣಿನ ಗೆರೆ ಎದ್ದಿದೆ. ಬೆರಳಿನಿಂದ ತಟ್ಟಿದರೆ ಮರದ ಒಳಗೆ ಪೊಳ್ಳಾಗಿರುವ ಸದ್ದು ಕೇಳುತ್ತದೆ. ಗೆರೆಯನ್ನು ಕೆರೆದು ತೆಗೆದರೂ ಸ್ವಲ್ಪ ದಿನಗಳಲ್ಲಿ ಅದರ ಪಕ್ಕದಲ್ಲೇ ಮತ್ತೊಂದು ಏಳುತ್ತದೆ. ಇದರ ಜೊತೆಗೆ ಅಡುಗೆಮನೆಯ ಕಟ್ಟೆಯ ಸಂದಿನಿಂದ ಸಣ್ಣ ಇರುವೆಗಳ ಸಾಲು ವರ್ಷವಿಡೀ ಹೊರಡುತ್ತಿರುತ್ತದೆ.

ಆನ್‌ಲೈನ್ ಅಂಗಡಿಗಳಲ್ಲಿ ಸಪೂರ ನಳಿಕೆಯಿರುವ ಡಬ್ಬಿಯೊಂದನ್ನು ನೋಡಿದೆ. ಗುಂಡಿ ಒತ್ತಿದರೆ ಕೀಟನಾಶಕವು ನೊರೆಯಾಗಿ ಹೊರಬಂದು ಮರದ ಒಳಗೆಲ್ಲ ತುಂಬಿಕೊಳ್ಳುತ್ತದೆ, ಇರುವೆ ಮತ್ತು ಗೆದ್ದಲು ಎರಡನ್ನೂ ಕೊಲ್ಲುತ್ತದೆ ಎಂದು ಅದರ ವಿವರಣೆಯಲ್ಲಿದೆ. ಮನೆಯಲ್ಲಿ ಅಂಬೆಗಾಲಿಡುವ ಮಗುವಿದೆ, ಅಂಗಳದಲ್ಲಿ ಕುಡಿಯುವ ನೀರಿನ ಬಾವಿಯಿದೆ, ಹಿತ್ತಿಲಿನಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳಿವೆ. ಇಂತಹ ಮನೆಯಲ್ಲಿ ಇದನ್ನು ಬಳಸಬಹುದೇ, ಬಳಸಿದರೆ ಗೆದ್ದಲು ನಿಜವಾಗಿ ಹೋಗುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ – ಕೀಟಶಾಸ್ತ್ರ ಓದಿದವನು

ನೊರೆಯ ಉಪಯೋಗವೇನು ಎಂಬುದನ್ನು ಮೊದಲು ನೋಡೋಣ. ಗೆದ್ದಲು ತಿಂದ ಮರದ ಒಳಗೆ ಅಡ್ಡಾದಿಡ್ಡಿಯಾಗಿ ಹಬ್ಬಿದ ಓಣಿಗಳಿರುತ್ತವೆ. ನೀರಿನಂತಹ ದ್ರಾವಣವನ್ನು ಸಿರಿಂಜಿನಿಂದ ಬಿಟ್ಟರೆ ಅದು ತಗ್ಗಿನ ದಾರಿ ಹಿಡಿದು ಇಳಿದುಹೋಗುತ್ತದೆಯೇ ಹೊರತು ಮೇಲಿನ ಮತ್ತು ಪಕ್ಕದ ಓಣಿಗಳನ್ನು ಮುಟ್ಟುವುದಿಲ್ಲ. ನೊರೆಯಾದರೆ ಉಬ್ಬಿ ಎಲ್ಲ ದಿಕ್ಕಿಗೂ ಸರಿಯುತ್ತದೆ, ಸ್ವಲ್ಪ ಹೊತ್ತಿನಲ್ಲಿ ಗುಳ್ಳೆಗಳು ಒಡೆದು ಓಣಿಯ ಗೋಡೆಗಳ ಮೇಲೆ ಔಷಧದ ತೆಳುವಾದ ಲೇಪ ಉಳಿಯುತ್ತದೆ. ಪೊಳ್ಳಾದ ದಾರಂದಕ್ಕೆ ಇದು ಒಳ್ಳೆಯ ಉಪಾಯವೇ ಸರಿ.

ಆದರೆ ಡಬ್ಬಿಯನ್ನು ಕೊಳ್ಳುವ ಮೊದಲು ಅದರಲ್ಲಿರುವ ಮೂಲ ರಾಸಾಯನಿಕ ಯಾವುದೆಂದು ಓದಿ ನೋಡಬೇಕು. ಫಿಪ್ರೊನಿಲ್ ಮತ್ತು ಇಮಿಡಾಕ್ಲೋಪ್ರಿಡ್ ಇರುವುದು ಗೆದ್ದಲಿಗೆ ಗೊತ್ತಾಗುವುದಿಲ್ಲ. ಹುಳುಗಳು ಅದರ ಮೇಲೆಯೇ ಓಡಾಡಿ, ಮೈಗೆ ಅಂಟಿಸಿಕೊಂಡು, ನಿಧಾನವಾಗಿ ಸಾಯುತ್ತವೆ. ಅಷ್ಟರೊಳಗೆ ಒಂದನ್ನೊಂದು ನೆಕ್ಕುವಾಗ, ಆಹಾರ ಹಂಚಿಕೊಳ್ಳುವಾಗ ಉಳಿದವುಗಳಿಗೂ ಅದನ್ನು ದಾಟಿಸುತ್ತವೆ. ಪೈರೆಥ್ರಾಯ್ಡ್ ಗುಂಪಿನ ಔಷಧಗಳು ಬಹುಪಾಲು ಹಾಗಲ್ಲ. ತಗುಲಿದ ಹುಳು ಕೂಡಲೇ ಸಾಯುವುದು ನೋಡಲು ಸಮಾಧಾನ ಕೊಡುತ್ತದೆ, ಆದರೆ ಉಳಿದವು ಆ ಜಾಗವನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತವೆ. ಹೀಗಾಗಿ ಮೊದಲ ದಿನವೇ ರಾಶಿ ಹುಳು ಸತ್ತು ಬಿದ್ದದ್ದನ್ನು ಗೆಲುವೆಂದು ತಿಳಿಯಬಾರದು.

ಇನ್ನೂ ಮುಖ್ಯವಾದ ಸಂಗತಿಯೆಂದರೆ, ನಿಮ್ಮ ದಾರಂದದಲ್ಲಿರುವುದು ಗೆದ್ದಲಿನ ಮನೆಯಲ್ಲ, ಅದು ಮೇಯಲು ಬರುವ ಜಾಗ ಮಾತ್ರ. ಮಣ್ಣಿನ ಗೆರೆ ಇದೆಯೆಂದರೆ ಗೂಡು ನೆಲದೊಳಗಿದೆ ಎಂದೇ ಅರ್ಥ. ರಾಣಿಯೂ ಅಲ್ಲಿಯೇ ಇರುತ್ತದೆ. ನೊರೆಯು ಆ ದಾರಂದವನ್ನು ಕಾಪಾಡಬಹುದು, ಆದರೆ ನೆಲದೊಳಗಿನ ಗೂಡನ್ನು ಅದೊಂದರಿಂದಲೇ ಮುಗಿಸುತ್ತೇನೆ ಎಂಬ ನಂಬಿಕೆ ಬೇಡ. ಭಾರತೀಯ ಮಾನಕ ಐಎಸ್ 6313ರ ಮೂರನೆಯ ಭಾಗವು ಕಟ್ಟಿ ಮುಗಿದ ಮನೆಗಳ ಗೆದ್ದಲು ನಿವಾರಣೆಗೆಂದೇ ಇದೆ. ಗೋಡೆ ಮತ್ತು ನೆಲ ಸೇರುವಲ್ಲಿ ಸುಮಾರು 300 ಮಿಲಿಮೀಟರ್ ಅಂತರದಲ್ಲಿ 12 ಮಿಲಿಮೀಟರ್ ರಂಧ್ರಗಳನ್ನು ಕೊರೆದು ಮಣ್ಣಿಗೆ ಔಷಧ ಇಳಿಸುವುದು, ಮರವು ಗೋಡೆಗೆ ತಾಗುವಲ್ಲಿ 6 ಮಿಲಿಮೀಟರ್ ರಂಧ್ರಗಳನ್ನು ಓರೆಯಾಗಿ ಕೊರೆದು ತುಂಬುವುದು ರೂಢಿಯಲ್ಲಿರುವ ಕ್ರಮ. ನೊರೆಯು ಈ ಎರಡನೆಯ ಕೆಲಸಕ್ಕೆ ಹೊಂದುತ್ತದೆ, ಮೊದಲನೆಯದಕ್ಕೆ ಅಲ್ಲ.

ಬಳಸುವಾಗ ಮಣ್ಣಿನ ಗೆರೆಯನ್ನು ಪೂರ್ತಿಯಾಗಿ ಕೆರೆದು ಹಾಕಬೇಡಿ, ಏಕೆಂದರೆ ಹುಳುಗಳು ಓಡಾಡುವ ದಾರಿ ಉಳಿದಿದ್ದರೆ ಮಾತ್ರ ಔಷಧ ಅವುಗಳ ಮೂಲಕ ಹಿಂದಕ್ಕೆ ಸಾಗುತ್ತದೆ. ಪೊಳ್ಳು ಸದ್ದು ಬರುವ ಕಡೆ ಸಣ್ಣ ರಂಧ್ರಗಳನ್ನು ಕೊರೆದು, ಕೆಳಗಿನದರಿಂದ ಆರಂಭಿಸಿ, ಪಕ್ಕದ ರಂಧ್ರದಲ್ಲಿ ನೊರೆ ಕಾಣಿಸುವವರೆಗೆ ನಿಧಾನವಾಗಿ ತುಂಬಬೇಕು. ಹತ್ತಿರದಲ್ಲಿ ಸ್ವಿಚ್ ಬೋರ್ಡ್ ಇದ್ದರೆ ಮೇನ್ ಸ್ವಿಚ್ ಆರಿಸಿಯೇ ಕೆಲಸಕ್ಕೆ ಕೈಹಾಕಿ. ಕೈಗವಸು, ಕನ್ನಡಕ ಬೇಕು. ಹೊರಗೆ ಸೋರಿದ ನೊರೆಯನ್ನು ಕೂಡಲೇ ಒರೆಸಿ, ಒಣಗಿದ ಮೇಲೆ ರಂಧ್ರಗಳನ್ನು ಮುಚ್ಚಬೇಕು. ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವ ವಯಸ್ಸಿನ ಮಗುವಿರುವುದರಿಂದ ಅಷ್ಟು ಹೊತ್ತು ಅದನ್ನು ಆ ಕೋಣೆಯಿಂದ ದೂರವಿಡುವುದನ್ನು ಮರೆಯಲೇಬಾರದು.

ಉತ್ತರ – ಹಳೆ ಮನೆಗಳ ಮರಗೆಲಸದವನು

ಮೇಲಿನವರು ಹೇಳಿದ್ದು ಸರಿ. ನಾನು ಮನೆಯ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಬಚ್ಚಲಿನ ಬಾಗಿಲಿಗೇ ಗೆದ್ದಲು ಬಂದಿರುವುದಕ್ಕೆ ಕಾರಣ ತೇವ. ಬಚ್ಚಲಿನ ನೀರು ಗೋಡೆಯ ಬುಡಕ್ಕೆ ಜಿನುಗುತ್ತಿದ್ದರೆ, ಮಾಡಿನಲ್ಲಿ ಹೆಂಚು ಒಡೆದು ಪಕಾಸು, ರೀಪುಗಳು ನೆನೆಯುತ್ತಿದ್ದರೆ, ಗೋಡೆಗೆ ಒರಗಿಸಿ ಸೌದೆ ಪೇರಿಸಿದ್ದರೆ ನೀವು ಎಷ್ಟು ಡಬ್ಬಿ ಖಾಲಿ ಮಾಡಿದರೂ ಗೆದ್ದಲು ಮತ್ತೆ ಬರುತ್ತದೆ. ಜಂಬಿಟ್ಟಿಗೆಯನ್ನು ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆಯಾದರೆ ಅದು ಗೋಡೆಯ ಒಳಗಿನಿಂದಲೇ ಅಟ್ಟದವರೆಗೆ ಏರಿರಬಹುದು, ಹಾಗಾಗಿ ದಾರಂದವನ್ನಷ್ಟೇ ನೋಡಿ ನಿಲ್ಲಿಸದೆ ತೊಲೆಗಳ ತುದಿ ಗೋಡೆಯಲ್ಲಿ ಕೂರುವ ಜಾಗಗಳನ್ನೂ ಚೂಪಾದ ಮೊಳೆಯಿಂದ ಚುಚ್ಚಿ ಪರೀಕ್ಷಿಸಿ. ಮೊಳೆ ಸಲೀಸಾಗಿ ಇಳಿಯುವಷ್ಟು ಟೊಳ್ಳಾದ ತೊಲೆಗೆ ಯಾವ ಔಷಧವೂ ಬಲ ತುಂಬಲಾರದು, ಅದನ್ನು ಬದಲಾಯಿಸಲೇಬೇಕು.

ಮಣ್ಣಿನ ಗೆರೆಯೇ ಇಲ್ಲದೆ ಮರದ ಕೆಳಗೆ ಗಸಗಸೆಯಂತಹ ಒಣ ಕಾಳುಗಳು ಉದುರಿರುವುದು ಕಂಡರೆ ಅದು ಒಣಮರದಲ್ಲೇ ವಾಸಿಸುವ ಬೇರೆ ಜಾತಿಯ ಗೆದ್ದಲು. ಅದಕ್ಕೆ ನೆಲದ ಸಂಪರ್ಕ ಬೇಕಿಲ್ಲ. ಅಂತಹ ಕಡೆ ನೊರೆಯನ್ನು ನೇರವಾಗಿ ಓಣಿಗಳಿಗೆ ತುಂಬುವುದು ಹೆಚ್ಚು ಫಲ ಕೊಡುತ್ತದೆ.

ಹೊಸ ಮರ ಹಾಕುವುದಾದರೆ ಗೋಡೆಯೊಳಗೆ ಹೋಗುವ ಭಾಗಕ್ಕೆ ಮೊದಲೇ ಔಷಧ ಉಣಿಸಿ. ಕರಾವಳಿಯ ಕಡೆ ಹಿಂದಿನಿಂದಲೂ ಗೇರೆಣ್ಣೆ ಬಳಿಯುವ ಪದ್ಧತಿಯಿದೆ. ಅದು ಚರ್ಮಕ್ಕೆ ತಗುಲಿದರೆ ಬೊಕ್ಕೆ ಏಳುತ್ತದೆ, ಆದ್ದರಿಂದ ಬರಿಗೈಯಲ್ಲಿ ಮುಟ್ಟಬಾರದು ಮತ್ತು ಮಗುವಿನ ಕೈಗೆಟಕುವ ಕಡೆ ಬಳಿಯಬಾರದು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಮರದ ಸಂರಕ್ಷಣೆಯ ಬಗ್ಗೆಯೇ ಕೆಲಸ ಮಾಡುತ್ತದೆ. ದೊಡ್ಡ ದುರಸ್ತಿಗೆ ಇಳಿಯುವ ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು.

ಉತ್ತರ – ಅಡುಗೆಮನೆಯ ಅನುಭವಿ

ಇರುವೆಗೆ ನೊರೆ ಬೇಡವೆಂದೇ ನನ್ನ ಅಭಿಪ್ರಾಯ. ಅಡುಗೆ ಮಾಡುವ ಕಟ್ಟೆಯ ಸಂದಿಗೆ ಕೀಟನಾಶಕ ತುಂಬುವುದು ನನಗೆ ಒಪ್ಪಿತವಲ್ಲ, ಡಬ್ಬಿಯಿಂದ ನೊರೆಯನ್ನು ದೂಡುವ ಅನಿಲವು ಬೆಂಕಿ ಹೊತ್ತಿಕೊಳ್ಳುವಂಥದ್ದಾಗಿರುವುದೂ ಉಂಟು. ಅದಕ್ಕಿಂತ ಮಿಗಿಲಾಗಿ, ಮನೆಯೊಳಗೆ ಗೂಡು ಮಾಡುವ ಕೆಲವು ಸಣ್ಣ ಇರುವೆಗಳಲ್ಲಿ ಒಂದೇ ಗೂಡಿಗೆ ಹಲವು ರಾಣಿಗಳಿರುತ್ತವೆ. ಅವುಗಳ ಮೇಲೆ ಸ್ಪ್ರೇ ಹೊಡೆದರೆ ಗುಂಪು ಒಡೆದು, ಒಂದಿದ್ದ ಗೂಡು ನಾಲ್ಕಾರು ಕಡೆ ಹರಡಿಕೊಳ್ಳುತ್ತದೆ.

ಸಿಹಿಗೆ ಬರುವ ಇರುವೆಯಾದರೆ 100 ಮಿಲಿಲೀಟರ್ ನೀರಿಗೆ 10 ಗ್ರಾಂ ಸಕ್ಕರೆ ಮತ್ತು 1 ಗ್ರಾಂ ಬೋರಿಕ್ ಆಸಿಡ್ ಪುಡಿ ಕರಗಿಸಿ, ಹತ್ತಿಯಲ್ಲಿ ಅದ್ದಿ, ರಂಧ್ರವಿರುವ ಮುಚ್ಚಿದ ಡಬ್ಬಿಯಲ್ಲಿ ಸಾಲಿನ ಪಕ್ಕ ಇಡಿ. ಬೇಗ ಸಾಯಲೆಂದು ಪುಡಿಯನ್ನು ಹೆಚ್ಚಿಸಿದರೆ ಇರುವೆಗಳು ಗೂಡು ಮುಟ್ಟುವ ಮೊದಲೇ ಸತ್ತು ಹೋಗಿ ಉದ್ದೇಶವೇ ಕೆಡುತ್ತದೆ. ಸಾಲು ಕಡಿಮೆಯಾಗಲು ವಾರಗಳೇ ಬೇಕಾಗಬಹುದು. ಮಗುವಿಗೆ ಖಂಡಿತ ಎಟಕದ ಎತ್ತರದಲ್ಲಿಡಿ. ನಿಮ್ಮ ಮನೆಯಲ್ಲಿ ಜೇನು ಇರುವುದರಿಂದ ಈ ಸಿಹಿನೀರನ್ನು ಕಿಟಕಿಯ ಬಳಿಯಾಗಲಿ ಹೊರಗಾಗಲಿ ಯಾವ ಕಾರಣಕ್ಕೂ ಇಡಬೇಡಿ.

ಸಾಗರದ ಓದುಗ

ಮೂವರಿಗೂ ಧನ್ಯವಾದಗಳು. ದಾರಂದಕ್ಕೆ ನೊರೆ, ಅಡುಗೆಮನೆಗೆ ಸಕ್ಕರೆ ನೀರು ಎಂಬುದು ಸ್ಪಷ್ಟವಾಯಿತು. ನೆಲಕ್ಕೆ ಔಷಧ ಇಳಿಸುವ ವಿಚಾರದಲ್ಲಿ ಮಾತ್ರ ಭಯವಿದೆ. ಬಾವಿಯು ಬಚ್ಚಲಿನ ಗೋಡೆಯಿಂದ ಬಹಳ ದೂರವೇನೂ ಇಲ್ಲ.

ಉತ್ತರ – ಕೀಟಶಾಸ್ತ್ರ ಓದಿದವನು

ನಿಮ್ಮ ಭಯಕ್ಕೆ ಕಾರಣವಿದೆ. ಗೆದ್ದಲಿಗೆ ಬಹುಕಾಲ ಬಳಕೆಯಲ್ಲಿದ್ದ ಕ್ಲೋರ್‌ಪೈರಿಫಾಸನ್ನು ಮಕ್ಕಳ ಆರೋಗ್ಯದ ಕಾಳಜಿಯಿಂದ ಅಮೆರಿಕದಲ್ಲಿ 2000ದಿಂದಲೇ ಮನೆಬಳಕೆಯಿಂದ ಹಿಂತೆಗೆಯಲು ಆರಂಭಿಸಿದರು. ಫಿಪ್ರೊನಿಲ್ ಜೇನಿಗೂ ಮೀನಿಗೂ ಬಹಳ ವಿಷಕಾರಿ. ಆದ್ದರಿಂದ ಬಾವಿಯ ಕಡೆಯ ಗೋಡೆಗೆ ನೆಲದ ಔಷಧವನ್ನು ಕೈಬಿಟ್ಟು, ಮರದೊಳಗಿನ ನೊರೆ ಮತ್ತು ತೇವದ ದುರಸ್ತಿ ಇವೆರಡನ್ನೇ ನೆಚ್ಚಿಕೊಳ್ಳಿ. ಉಳಿದ ಗೋಡೆಗಳಿಗೆ ಮಾಡಿಸುವುದಾದರೆ ಮಳೆಗಾಲ ಕಳೆದು ನೆಲ ಒಣಗಿದ ಮೇಲೆ, ಪರವಾನಗಿ ಇರುವವರಿಂದ, ಬಾವಿಯನ್ನು ಅವರಿಗೆ ಮೊದಲೇ ತೋರಿಸಿ ಮಾಡಿಸಿ.

ಡಬ್ಬಿಯ ವಿಷಯದಲ್ಲಿಯೂ ಒಂದು ಮಾತು ಉಳಿದಿದೆ. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಮಾರುವ ಪ್ರತಿಯೊಂದು ಕೀಟನಾಶಕಕ್ಕೂ ನೋಂದಣಿ ಇರಬೇಕು. ಲೇಬಲ್ಲಿನಲ್ಲಿ ನೋಂದಣಿ ಸಂಖ್ಯೆ, ವಿಷದ ಪ್ರಮಾಣವನ್ನು ತಿಳಿಸುವ ಬಣ್ಣದ ಗುರುತು ಮತ್ತು ಪ್ರತಿವಿಷದ ವಿವರಗಳನ್ನು ಹುಡುಕಿ; ಆ ಗುರುತಿನಲ್ಲಿ ಕೆಂಪು ಅತಿ ಹೆಚ್ಚಿನ ವಿಷವನ್ನೂ ಹಸಿರು ಎಲ್ಲಕ್ಕಿಂತ ಕಡಿಮೆಯದನ್ನೂ ಸೂಚಿಸುತ್ತದೆ. ಹೊರದೇಶದಿಂದ ತರಿಸಿ ಮಾರುವ ಡಬ್ಬಿಯಲ್ಲಿ ಈ ವಿವರಗಳಿಲ್ಲದಿದ್ದರೆ ಅದನ್ನು ಕೊಳ್ಳಬೇಡಿ. ನೊರೆ ತುಂಬಿದ ನಂತರ ತಿಂಗಳಿಗೊಮ್ಮೆ ಆ ದಾರಂದವನ್ನು ತಟ್ಟಿ ನೋಡುತ್ತಿರಿ, ಹೊಸ ಗೆರೆ ಎದ್ದರೆ ಎಲ್ಲಿ ಎದ್ದಿದೆಯೆಂದು ಇಲ್ಲಿ ತಿಳಿಸಿ.