‘ಸೊತ್ತೊವೆತ್ರೊ’ಗೆ ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೇ,

ಇಟಲಿಯ ಹಳೆಯ ಗಾಜಿನ ಚಿತ್ರಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರಲು ಕೂತು, ಮೊದಲ ಸಾಲಿನಲ್ಲೇ ಸಿಕ್ಕಿಕೊಂಡಿದ್ದೇನೆ. ಗಾಜಿನ ಹಿಂಬದಿಗೆ ಬಣ್ಣ ಹಾಕಿ ಮುಂದಿನಿಂದ ನೋಡುವ ಚಿತ್ರಕ್ಕೆ ಅಲ್ಲಿ ‘ಪಿತ್ತೂರಾ ಸೊತ್ತೊವೆತ್ರೊ’ ಎನ್ನುತ್ತಾರೆ. ಸೊತ್ತೊ ಅಂದರೆ ಅಡಿ, ವೆತ್ರೊ ಅಂದರೆ ಗಾಜು.

ಹಾಗಂತ ‘ಗಾಜಿನಡಿಯ ಚಿತ್ರ’ ಅಂದರೆ ಕಟ್ಟು ಹಾಕಿಸಿದ ಯಾವ ಪಟವಾದರೂ ಆದೀತು. ಬರೀ ‘ಗಾಜಿನ ಚಿತ್ರ’ ಅಂದರೆ ಚರ್ಚಿನ ಬಣ್ಣದ ಕಿಟಕಿ ಕಣ್ಣಿಗೆ ಬರುತ್ತದೆ. ‘ಹಿಂಬರಹ’ ಹೊಳೆದಾಗ ಖುಷಿಯಾಯಿತು. ನಾವು ಚಿತ್ರವನ್ನೂ ‘ಬರೆಯುವ’ವರೇ ತಾನೆ! ಆದರೆ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು ಹಿಂಬರಹ ಈಸಿಕೊಂಡವರಿಗೆ ಆ ಪದದಲ್ಲಿ ಸಂತರು ಕಾಣಲಾರರು.

ಪದ ಕೆಲಸದ ರೀತಿಯನ್ನೂ ಹೇಳಿದರೆ ಚೆನ್ನ. ಸಿಸಿಲಿಯಲ್ಲಿ ಇಂಥ ಚಿತ್ರ ಬರೆಯುವ ಜನಪದ ಕಲಾವಿದರಿಗೆ ‘ಪಿಂಚಿಸಾಂತಿ’ ಎಂದೇ ಹೆಸರು, ಸಂತರನ್ನು ಬರೆಯುವವರು. ನನ್ನ ಮುಂದೆ ಸಂತ ರೊಸಾಲಿಯಾಳ ಒಂದು ಚಿತ್ರವಿದೆ. 1624ರ ಪ್ಲೇಗಿನ ಕಾಲದಿಂದ ಪಲೆರ್ಮೊ ನಗರದ ಕಾಯುವ ತಾಯಿ. ತಲೆಗೆ ಗುಲಾಬಿಯ ದಂಡೆ, ಕೈಯಲ್ಲಿ ತಲೆಬುರುಡೆ. ಇದರಲ್ಲಿ ಕಣ್ಣೊಳಗಿನ ಬಿಳಿ ಚುಕ್ಕೆ ಮೊದಲು, ಆಮೇಲೆ ಪಾಪೆ, ಆಮೇಲೆ ಮುಖದ ಬಣ್ಣ, ಕಟ್ಟಕಡೆಗೆ ಹಿಂದಿನ ಗುಹೆಯ ಕತ್ತಲು. ತಪ್ಪಿದರೆ ಮೇಲೊಂದು ಬಣ್ಣ ಬಳಿದು ಮುಚ್ಚುವಂತಿಲ್ಲ. ಹೆಸರನ್ನೂ ತಿರುಗಿಸಿಯೇ ಬರೆಯಬೇಕು. ರೋಮನ್ ಲಿಪಿಯ ಎ, ಓ, ಐ ಎಡಬಲ ತಿರುಗಿಸಿದರೂ ಒಂದೇ. ಪಾಪ, ಎಸ್ ಅಕ್ಷರ ಮಾತ್ರ ಕೈಕೊಟ್ಟಿದೆ.

ಹಳೆ ಸಾಮಾನು ಮಾರುವವರು ಇವನ್ನೆಲ್ಲ ಫ್ರೆಂಚಿನ ‘ವೆರ್ ಎಗ್ಲೊಮಿಜೆ’ಗೆ ಸೇರಿಸಿಬಿಡುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಅದು 18ನೇ ಶತಮಾನದ ಪ್ಯಾರಿಸಿನಲ್ಲಿ ಚಿತ್ರಗಳಿಗೆ ಕಟ್ಟು ಹಾಕುತ್ತಿದ್ದ ಗ್ಲೊಮಿಯ ಹೆಸರಿನಿಂದ ಬಂದದ್ದು, ಗಾಜಿನ ಹಿಂದೆ ಚಿನ್ನದ ರೇಕು ಅಂಟಿಸಿ ಗೀರುವ ಕೆಲಸಕ್ಕೆ ಸಲ್ಲುವ ಮಾತು. ಆ ಕೆಲಸವನ್ನೂ ಇಟಲಿಯ ಚಿತ್ರಗಾರ ಚೆನ್ನೀನೊ ಚೆನ್ನೀನಿ 1400ರ ಆಸುಪಾಸಿನಲ್ಲೇ ವಿವರಿಸಿದ್ದಾನೆ: ಮೊಟ್ಟೆಯ ಬಿಳಿಯಿಂದ ರೇಕು ಅಂಟಿಸಿ, ಸೂಜಿಯಿಂದ ಗೀರುವುದು.

ಸದ್ಯಕ್ಕೆ ‘ಗಾಜುಬೆನ್ನಿನ ಚಿತ್ರ’ ಎಂದು ಬರೆದಿಟ್ಟಿದ್ದೇನೆ. ನಾಲಿಗೆಗೆ ಒರಟು, ಅರ್ಥಕ್ಕೆ ಮೋಸವಿಲ್ಲ. ಆದರೆ 19ನೇ ಶತಮಾನದಲ್ಲಿ ಮೈಸೂರು, ತಂಜಾವೂರುಗಳಲ್ಲೂ ದೇವರನ್ನೂ ಅರಸರನ್ನೂ ಹೀಗೇ ಗಾಜಿನ ಹಿಂದೆ ಬರೆಯುತ್ತಿದ್ದರಲ್ಲ, ಅವರ ಬಾಯಲ್ಲಿ ಇದಕ್ಕೊಂದು ಹೆಸರು ಇದ್ದೇ ಇರಬೇಕು. ಮೈಸೂರಿನ ಚಿತ್ರಗಾರರ ಮನೆಗಳಲ್ಲೋ ಹಳೆಯ ಕಟ್ಟಿನ ಅಂಗಡಿಗಳಲ್ಲೋ ಆ ಮಾತು ಕೇಳಿದವರಿದ್ದರೆ ತಿಳಿಸಿ. ನನ್ನ ‘ಗಾಜುಬೆನ್ನ’ನ್ನು ಅಳಿಸಿ ಅದನ್ನೇ ಹಾಕುತ್ತೇನೆ.